ಗದ್ದೆಮ್ಮ ಹೆಸರಿಟ್ಟ ಜವಳಿ

ತೊಂಬತ್ತನೇ ಇಸವಿಯ ಆಚೀಚೆ, ಸಿಂಧನೂರಿನ ಹೊರಗೆ ಭತ್ತದ ಗದ್ದೆ ಮುಚ್ಚಿ ಮೂರಂತಸ್ತಿನ ಕಾಂಪ್ಲೆಕ್ಸ್ ಎದ್ದ ಮೇಲೆ ಹಳೇ ಬಜಾರಿನಲ್ಲಿ ನೊಣ ಹೊಡೆಯುವ ವ್ಯಾಪಾರವೊಂದೇ ಜೋರಾಗಿ ನಡೆದಿತ್ತು. ಜವಳಿ ಅಂಗಡಿಯ ಮಾನಪ್ಪ ಆ ವಿದ್ಯೆಯಲ್ಲಿ ಪಾರಂಗತನಾಗಿದ್ದ. ಆದರೆ ಅವನ ಹೆಂಡತಿ ಗದ್ದೆಮ್ಮ ಸೋಲೊಪ್ಪುವ ಜೀವವಲ್ಲ.

“ಜವಳಗೇರಾದ ತಿಮ್ಮವ್ವ ಮಗಳ ಮದುವಿ ಜವಳಿಗೆ ಕಾಂಪ್ಲೆಕ್ಸಿಗೆ ಹೋಗ್ಯಾಳಂತ. ಟ್ರ್ಯಾಕ್ಟರ್ ತುಂಬ ಮಂದಿ,” ಎಂದ ಮಾನಪ್ಪ. “ಈ ಜವಳಿನೂ ಹೋದರ ಅಂಗಡಿಗೆ ಕೀಲಿ ಹಾಕೋದ.”

“ಆಕಿ ಮದುವಿ ಸೀರಿ ನಮ್ಮಲ್ಲೇ, ಆಕಿ ಅತ್ತಿದೂ ನಮ್ಮಲ್ಲೇ. ಈಗ ಮಗಳದು ಅಲ್ಲೇನು? ನಾ ಹೋಗಿ ಕರಕೊಂಡು ಬರ್ತೀನಿ.”

“ಹೋಗಿ ಏನ್ ಮಾಡ್ತೀ?”

“ಅಲ್ಲಿ ಒಂದೊಂದು ಸೀರಿಗೂ ಹುಳುಕು ತಗದು ಹೆಸರಿಡ್ತೀನಿ. ಇಷ್ಟು ವರ್ಷ ನಿಮಗ ಇಟ್ಟು ರೂಢಿ ಐತಲ್ಲ!”

(ಆಕೆಯ ಗೆಲುವಿನ ಬಗ್ಗೆ ಮಾನಪ್ಪನಿಗೆ ಆಗ ಅನುಮಾನವೇ ಉಳಿಯಲಿಲ್ಲ.)

ಕಾಂಪ್ಲೆಕ್ಸಿನ ಜವಳಿ ಅಂಗಡಿಯಲ್ಲಿ ಕೂರಲು ಗಾದಿಯಿಲ್ಲ, ಚಹಾ ಇಲ್ಲ. ಗಿರಾಕಿ ನಿಂತೇ ಇರಬೇಕು. ಟೈ ಕಟ್ಟಿದ ಮಾಲೀಕ ಗಾಜಿನ ಮೇಜಿನಾಚೆ, ಮಡಿಕೆ ಬಿಚ್ಚದೆ, ಸರ್ಕಾರಿ ಸಕ್ಕರೆ ತೂಗುವ ಜಿಪುಣತನದಿಂದ ಸೀರೆ ತೋರಿಸುತ್ತಿದ್ದ. ಬೇಸತ್ತ ತಿಮ್ಮವ್ವನ ಮಂದಿ ಇನ್ನೇನು ಹೊರಡುವುದರಲ್ಲಿದ್ದರು.

ಗದ್ದೆಮ್ಮ ಚಪ್ಪಲಿ ಬಾಗಿಲಲ್ಲಿ ಬಿಟ್ಟವಳೇ ನೆಲದ ಮೇಲೆ ವೀರಾಸನ ಹಾಕಿದಳು. “ತರ್ರಿ ಇಲ್ಲೆ! ತಿಮ್ಮವ್ವಾ, ಇದರ ಹಣೇಬಾರ ನೋಡಬೇ!”

ಹಣೆಬರಹ ತೋರಿಸಲು ಸೀರೆ ಬಿಚ್ಚಬೇಕಲ್ಲ? ಗಾದಿಯ ಮೇಲೆ ಪಳಗಿದ ಕೈ. ಒಮ್ಮೆ ಝಾಡಿಸಿದ್ದೇ ತಡ, ಸೀರೆ ಕಾಲುವೆ ನೀರಿನಂತೆ ಹರಿದು ಹೆಂಗಸರ ಮಡಿಲಿಗೆ ಬಂತು. “ಬಣ್ಣ ನೋಡು, ಕಣ್ಣಿಗೆ ಹೊಡಿತೈತಿ!” ಎಂದು ಮದುಮಗಳ ಹೆಗಲಿಗೆ ಹೊದಿಸಿದಳು. ಹುಡುಗಿ ಲಕ್ಷ್ಮಿಯಂತೆ ಕಂಡಳು.

“ಕಟ್ರೀ ಇದನ್ನ,” ಎಂದಳು ತಿಮ್ಮವ್ವ.

“ಈ ಜರಿ ಖೊಟ್ಟಿ, ಬರೇ ನಕಲಿ!” ಗದ್ದೆಮ್ಮ ಇನ್ನೊಂದನ್ನು ಬಿಸಿಲಿಗೆ ಹಿಡಿದಳು. ಜರಿ ಧಗಧಗಿಸಿತು. ಅದನ್ನೂ ಕಟ್ಟಿಸಿದರು. “ಈ ರೇಟು ಹಾಡಹಗಲ ದರೋಡಿ!” ಎಂದು ಗುಡುಗಿದ್ದಕ್ಕೆ ‘ಒಂದೇ ದರ’ದ ಮಾಲೀಕ ಹೆದರಿ ಇಳಿಸಿದ. ಗದ್ದೆಮ್ಮ ಬೆವರಿದಳು, ಆದರೂ ಬಿಡದೆ ಇನ್ನೂ ಜೋರಾಗಿ ಬೈದಳು. ವ್ಯಾಪಾರ ಇನ್ನೂ ಜೋರಾಯಿತು. ಬೀಗಿತ್ತಿಯ ಸೀರೆ, ಅಳಿಯನ ಧೋತರ, ಏನೂ ಉಳಿಯಲಿಲ್ಲ.

ಇತ್ತ ಮಾನಪ್ಪ ಗಾದಿ ಝಾಡಿಸಿ, ಚಹಾ ತರಿಸಿ ಕಾದಿದ್ದ. ಟ್ರ್ಯಾಕ್ಟರ್ ಬಂದು ನಿಂತಿತು.

“ಕರಕೊಂಡು ಬಂದ್ಯಾ?”

“ಬಂದಾರ,” ಎಂದಳು ಗದ್ದೆಮ್ಮ, ನೆಲ ನೋಡುತ್ತ.

ತಿಮ್ಮವ್ವ ಗಂಟುಗಳ ಮೇಲಿಂದಲೇ ಕೂಗಿದಳು: “ಸೌಕಾರ್ರ, ಆ ಹೊಸಾ ಅಂಗಡಿನೂ ನಿಮ್ದ ಅಂತ ಮೊದಲ ಹೇಳಬಾರದೇನ್ರಿ? ಖಾಲಿ ಕೈಲೆ ಇಲ್ಲಿಗೇ ಬರಾಕ ಹೊಂಟಿದ್ವಿ. ಅಷ್ಟರಾಗ ಯಕ್ಕನ ಬಂದು ಕುಂತು ಸೀರಿ ತೋರಿಸಿದ್ಲು ನೋಡ್ರಿ, ಜವಳಿ ಎಲ್ಲಾ ಮುಗೀತು!”

ಮಾನಪ್ಪ ಹೆಂಡತಿಯ ಕೈ ನೋಡಿದ. ಕಾಂಪ್ಲೆಕ್ಸಿನ ಮಾಲೀಕ ಖುಷಿಯಾಗಿ ಕೊಟ್ಟ ಪ್ಲಾಸ್ಟಿಕ್ ಬಕೀಟು ಅಲ್ಲಿ ಜೋತಾಡುತ್ತಿತ್ತು.

“ಎಲ್ಲಾದಕ್ಕೂ ಹೆಸರಿಟ್ಯೇನು?”

“ಒಂದೂ ಬಿಟ್ಟಿಲ್ರೀ.”

“ಹಂಗಾರ ನಾಳಿಂದ ಗಾದಿ ಮ್ಯಾಲ ನೀನ ಕುಂದ್ರು. ನಮ್ಮ ಸೀರಿಗೂ ಒಂದೀಟು ಹೆಸರಿಡು. ನಾ ಛಲೋ ಅದಾವು, ಛಲೋ ಅದಾವು ಅಂತ ಹೇಳಿ ಹೇಳಿನ ಅಂಗಡಿ ಮುಳುಗಾಕತ್ತೈತಿ!”