ಬೀರುವಿನಲ್ಲಿ ಮಲಗಿದ್ದ ಐಸ್ ಹಾಕಿ

ಇಸವಿ ೧೯೩೬, ಆಗಸ್ಟ್ ತಿಂಗಳ ಕೊನೆಯ ಶನಿವಾರ. ಸಂಜೆ ಐದು ಗಂಟೆ ಹತ್ತು ನಿಮಿಷ. ಸ್ಥಳ: ಹಾಸನದ ನಮ್ಮ ವಾಚನಾಲಯದ ಮುಂಗೋಣೆ. ಹಾಜರಿದ್ದವರು: ವಕೀಲ ಶಾಮಣ್ಣ, ತೆಂಗಿನಕಾಯಿ ಮಂಡಿಯ ಚನ್ನಬಸಪ್ಪ, ಕೊಣನೂರಿನ ನಂಜೇಗೌಡ ಮತ್ತು ಗೌರವ ಕಾರ್ಯದರ್ಶಿಯಾದ ನಾನು. ಗೈರುಹಾಜರಿ: ಯಾರೂ ಇಲ್ಲ. ವಿಷಯ: ಬೀರು ತೆರೆಯುವುದು.

ನಾನು ಏನು ಬರೆಯಲು ಕೂತರೂ ಮೊದಲು ಹೀಗೆ ನಾಲ್ಕು ಸಾಲು ಬರೆಯದೆ ಮುಂದಕ್ಕೆ ಹೋಗಲಾರೆ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನ ಕೈ ಇದು. ಮದುವೆಯಾದ ಹೊಸತರಲ್ಲಿ ತವರಿಗೆ ಹೋಗಿದ್ದ ಹೆಂಡತಿಗೆ ಬರೆದ ಮೊದಲ ಕಾಗದದಲ್ಲೂ ದಿನ, ಗಂಟೆ ಹಾಕಿ, “ಹಾಜರಿದ್ದವರು: ನಾನೊಬ್ಬನೇ” ಎಂದು ಬರೆದಿದ್ದೆ. ಆಕೆ ಅದನ್ನು ವಿರಹವೆಂದು ತಿಳಿದು ಎರಡು ದಿನ ಮೊದಲೇ ಬಂದುಬಿಟ್ಟಳು. ಅದು ವಿರಹವಲ್ಲ, ಬರೀ ಅಭ್ಯಾಸ ಎಂಬುದನ್ನು ನಾನು ಇದುವರೆಗೂ ಹೇಳಿಲ್ಲ. ಮನುಷ್ಯನಿಗೆ ಶಿಸ್ತು ಎಷ್ಟು ಬೇಕೋ ಬಾಯಿಗೆ ಬೀಗವೂ ಅಷ್ಟೇ ಬೇಕು.

ಬೀಗದ ಮಾತು ಬಂತು. ನಮ್ಮ ವಾಚನಾಲಯಕ್ಕೆ ನಾನು ಕಾರ್ಯದರ್ಶಿಯಾಗುವ ಮುಂಚೆ ಅಲ್ಲಿನ ಪತ್ರಿಕೆಗಳ ಗತಿ ಹೇಳತೀರದು. ಒಂದನೆಯ ಪುಟ ಒಬ್ಬರ ಮನೆಯಲ್ಲಿ, ನಾಲ್ಕನೆಯ ಪುಟ ಕಡಲೆಕಾಯಿ ಪೊಟ್ಟಣದಲ್ಲಿ. ನಾನು ಬಂದವನೇ ಒಂದು ಬೀರು ಮಾಡಿಸಿ, ಬೀಗ ಹಾಕಿ, ಎರಡು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಮೊದಲನೆಯದು ದಿನಾಂಕದ ನಿಯಮ: ವಾರಕ್ಕೆ ಒಂದೇ ಸಂಚಿಕೆ, ಅದೂ ದಿನಾಂಕದ ಕ್ರಮದಲ್ಲಿ, ಹಿಂದಿನದು ಓದಿ ಮುಗಿಯದೆ ಮುಂದಿನದು ಹೊರಗೆ ಬರತಕ್ಕದ್ದಲ್ಲ. ಎರಡನೆಯದು ಸೀಸದಕಡ್ಡಿಯ ನಿಯಮ: ಪತ್ರಿಕೆಯಲ್ಲಿ ಗುರುತು ಹಾಕಿದವರ ಹೆಸರನ್ನೂ ಆ ಪುಟದ ಸಂಖ್ಯೆಯನ್ನೂ ಕರಿಹಲಗೆಯ ಮೇಲೆ ಒಂದು ವಾರ ಬರೆದಿಡತಕ್ಕದ್ದು. ಈ ಎರಡನೆಯ ನಿಯಮವನ್ನು ಮಾಡಿದ್ದು ಬಹುಮಟ್ಟಿಗೆ ಶಾಮಣ್ಣನಿಗಾಗಿ. ಹೊಳೆನರಸೀಪುರದಲ್ಲಿ ಹುಟ್ಟಿ ಹಾಸನದ ಕೋರ್ಟಿನಲ್ಲಿ ಬೆಳೆದ ಆತನಿಗೆ ಕಿವಿಯ ಮೇಲೆ ಸೀಸದಕಡ್ಡಿ ಇಲ್ಲದಿದ್ದರೆ ಬರೀ ಮೈಯಲ್ಲಿ ನಿಂತ ಹಾಗೆ. ಓದುವಾಗ ಮುಖ್ಯವಾದದ್ದು ಕಂಡರೆ ಪಕ್ಕದಲ್ಲಿ ಒಂದು ಸಣ್ಣ ಗೀಟು ಎಳೆದು, ಅದರ ತುದಿಗೆ ಕೊಕ್ಕೆ ಹಾಕುತ್ತಿದ್ದ. ಆ ಕೊಕ್ಕೆಯನ್ನು ನಾನು ಕತ್ತಲಲ್ಲೂ ಗುರುತಿಸಬಲ್ಲೆ. ಆತನ ಹೆಸರು ನಮ್ಮ ಕರಿಹಲಗೆಯ ಮೇಲೆ ಎಷ್ಟು ಸಲ ಬಂದಿತ್ತೆಂದರೆ, ಹೊಸಬರು ಆತನನ್ನೇ ವಾಚನಾಲಯದ ಸ್ಥಾಪಕನೆಂದು ತಿಳಿಯುತ್ತಿದ್ದರು.

ಸಕಲೇಶಪುರದ ಕಡೆ ಕಾಫಿ ಎಸ್ಟೇಟಿನ ಯುರೋಪಿಯನ್ ದೊರೆಯೊಬ್ಬರು ತಾವು ಓದಿ ಮುಗಿಸಿದ ಲಂಡನ್ನಿನ ಸಚಿತ್ರ ವಾರಪತ್ರಿಕೆಗಳನ್ನು ಕಟ್ಟು ಕಟ್ಟಿ ನಮಗೆ ಕಳಿಸುತ್ತಿದ್ದರು. ಅವು ಹಡಗಿನಲ್ಲಿ ಬಂದು, ದೊರೆಯ ಮೇಜಿನ ಮೇಲೆ ಮಲಗಿ, ಆಮೇಲೆ ನಮ್ಮ ಬೀರುವಿನಲ್ಲಿ ಸರದಿ ಕಾದು ಹೊರಬರುವ ಹೊತ್ತಿಗೆ ಅಲ್ಲಿನ ಚಳಿಗಾಲ ನಮಗೆ ಆಷಾಢ ಶ್ರಾವಣದಲ್ಲಿ ಬರುತ್ತಿತ್ತು. ಇದರಿಂದ ನಷ್ಟವೇನೂ ಇರಲಿಲ್ಲ. ಸುದ್ದಿ ಹಳತಾಗುವುದು ಅದನ್ನು ಮೊದಲೇ ಕೇಳಿದವನಿಗೆ ಮಾತ್ರ.

ಹೀಗಿರುವಾಗ ಆ ಆಗಸ್ಟಿನ ಮೊದಲ ಶನಿವಾರ ಹೊರಬಂದ ಸಂಚಿಕೆಯಲ್ಲಿ ಐಸ್ ಹಾಕಿಯ ವಿಷಯವಿತ್ತು. ಜರ್ಮನಿಯ ಒಂದು ಹಿಮದ ಊರಿನಲ್ಲಿ ಫೆಬ್ರವರಿಯಲ್ಲಿ ದೇಶದೇಶಗಳ ಪಂದ್ಯ ನಡೆಯಲಿದೆಯೆಂದೂ, ಯಾವ ದೇಶದ ಆಟಗಾರರು ಎಂಥ ಗಟ್ಟಿಗರೆಂದೂ ನಾಲ್ಕು ಪುಟ ತುಂಬ ಚಿತ್ರಗಳು. ನಮ್ಮ ಕನ್ನಡ ಪತ್ರಿಕೆಗಳಿಗೆ ಈ ಆಟದ ಗೊಡವೆಯೇ ಇರಲಿಲ್ಲವಾದ್ದರಿಂದ ಪಂದ್ಯದ ಗತಿ ನಮಗಾರಿಗೂ ಗೊತ್ತಿರಲಿಲ್ಲ.

ನಂಜೇಗೌಡ ಚಿತ್ರವನ್ನು ತಲೆಕೆಳಗು ಮಾಡಿಯೂ ನೋಡಿದ. ಆತ ಜಮೀನಿನ ವ್ಯಾಜ್ಯಕ್ಕಾಗಿ ಶಾಮಣ್ಣನ ಕಕ್ಷಿದಾರನಾಗಿ ಬಂದವನು. ವ್ಯಾಜ್ಯ ಮುಗಿದರೂ ಶನಿವಾರ ಬರುವುದನ್ನು ಬಿಟ್ಟಿರಲಿಲ್ಲ. “ಸಾ, ಇದು ಕೆರೆ ಮ್ಯಾಲೆ ಆಡ್ತಾವ್ರಾ?” ಎಂದು ಕೇಳಿದ. ನೀರು ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ ಎಂದೆ. “ಅಂಗಾದ್ರೆ ಗದ್ದೆಗೆ ನೀರು ಯಂಗೆ ಬುಡ್ತಾರೆ? ಕಾವೇರಿ ಇಂಗೆ ಕಲ್ಲಾಗಿದ್ರೆ ನಮ್ ಅರಕಲಗೂಡ್ ತಾಲೂಕು ಗಂಜಿಗೂ ಗತಿಯಿಲ್ದೆ ಓಗೋದು, ತಿಳ್ಕಳಿ” ಎಂದ. ನಿಜ ಹೇಳಬೇಕೆಂದರೆ ನಾವು ನಾಲ್ವರೂ ಬರ್ಫವನ್ನು ಕಂಡಿದ್ದು ಮದುವೆಮನೆಗಳಲ್ಲಿ, ಮರದ ಹೊಟ್ಟಿನಲ್ಲಿ ಹೂತು ಮೈಸೂರಿನಿಂದ ರೈಲಿನಲ್ಲಿ ಬಂದದ್ದನ್ನು. ಆಟದ ಮರ್ಮ ತಿಳಿಯಲೆಂದು ನಾನು ಸೋಡಾ ಅಂಗಡಿಯಿಂದ ಒಂದು ಗಡ್ಡೆ ತಂದು, ಅದರ ಮೇಲೆ ಕೋಟಿನ ಗುಂಡಿಯನ್ನು ಕಡ್ಡಿಯಿಂದ ತಳ್ಳಿ ಪರೀಕ್ಷೆ ಮಾಡಿದೆ. ಮೂರನೆಯ ನೂಕಿಗೆ ಗುಂಡಿ ಹೋಗಿ ಚನ್ನಬಸಪ್ಪನ ಕಾಫಿಯಲ್ಲಿ ಬಿತ್ತು. ನಾಲ್ಕನೆಯದಕ್ಕೆ ಮೈದಾನವೇ ಕರಗಿ ಮೇಜಿನ ಕೆಳಗೆ ಹರಿಯಿತು.

ಆಟ ಗೊತ್ತಿಲ್ಲದವರಿಗೇ ಅಭಿಪ್ರಾಯ ಗಟ್ಟಿ. ಪುಟ ಮುಗಿಯುವ ಹೊತ್ತಿಗೆ ಒಬ್ಬೊಬ್ಬರೂ ಒಂದೊಂದು ದೇಶವನ್ನು ಹಿಡಿದಿದ್ದರು. ಖಾದಿ ತೊಡುತ್ತಿದ್ದ ಶಾಮಣ್ಣ ಕೆನಡಾ ಹಿಡಿದ. ಅವರು ಹುಟ್ಟುತ್ತಲೇ ಬರ್ಫದ ಮೇಲೆ ಅಂಬೆಗಾಲಿಡುವವರು, ಹಿಂದಿನ ಗೆಲುವುಗಳೆಲ್ಲ ಅವರವೇ ಎಂದು ಸಾಕ್ಷ್ಯ ಒದಗಿಸಿದ. ಬ್ರಿಟನ್ನಿನವರು ಯಾವುದಾದರೊಂದು ಆಟದಲ್ಲಾದರೂ ಸೋಲುವುದನ್ನು ಕಣ್ಣಾರೆ ಓದಬೇಕೆಂಬ ಆಸೆ ಬೇರೆ. ಚನ್ನರಾಯಪಟ್ಟಣದ ಚನ್ನಬಸಪ್ಪ ಜರ್ಮನಿ ಹಿಡಿದ. “ನೋಡಿ ಸ್ವಾಮಿ, ಸಂತೆ ಯಾರ ಊರಲ್ಲಿ ಕಟ್ಟುತ್ತೋ ತಕ್ಕಡಿ ಅವರ ಕಡೆಗೇ ಒಂದು ಎಳೆ ಬಾಗುತ್ತೆ” ಎಂಬುದು ಆತನ ವಾದ. ಗೌಡ ಮಾತ್ರ ಜಾತ್ರೆಯಲ್ಲಿ ಎತ್ತು ಕೊಳ್ಳುವವನ ಹಾಗೆ ಆಟಗಾರರನ್ನು ಒಬ್ಬೊಬ್ಬರಾಗಿ ನೋಡಿದ. ಹೆಗಲು ನೋಡಿದ, ಮೊಣಕಾಲು ನೋಡಿದ, ಕೊನೆಗೆ ಕೆನಡಾದ ಪ್ರಸಿದ್ಧ ಮುಂದಾಳಿನ ನಗುವ ಚಿತ್ರ ಕಂಡು ತಲೆಯಾಡಿಸಿದ. “ಲಾಯರ್ ಸಾ, ನಿಮ್ಮೆತ್ತಿಗೆ ಮುಂದಿನ್ ನಾಕು ಅಲ್ಲೇ ಇಲ್ಲ. ಮುದಿ ಮಾಲು ಕಣ್ ಸಾ! ಯಾವ್ದೋ ದಲ್ಲಾಳಿ ನಿಮ್ಗೆ ಟೋಪಿ ಆಕವ್ನೆ.”

“ಅಯ್ಯೋ ಗೌಡ, ಅದು ವಯಸ್ಸಿಗೆ ಬಿದ್ದಿದ್ದಲ್ಲಯ್ಯಾ, ಆಟದಲ್ಲಿ ಬಿದ್ದಿದ್ದು!” ಎಂದ ಶಾಮಣ್ಣ.

“ಅಲ್ಲು ಉದುರಿಸ್ಕಳೋ ಎತ್ತು ನಾಳೆ ಕೋಡು ಮುರ್ಕಳಲ್ವಾ?” ಎಂದು ಕೇಳಿ ಗೌಡ ಅಮೆರಿಕಕ್ಕೆ ಸೇರಿದ. ಅವರ ಹಲ್ಲು ಪೂರ್ತಿ ಇದ್ದವು.

ಉಳಿದದ್ದು ನಾನು. ನನ್ನ ಪದ್ಧತಿ ಬೇರೆ. ಎದುರುಬದುರು ಎರಡು ಪುಟಗಳಲ್ಲಿ ಬ್ರಿಟನ್ ಮತ್ತು ಕೆನಡಾ ತಂಡಗಳ ದೊಡ್ಡ ಗುಂಪುಚಿತ್ರಗಳಿದ್ದವು. ಕೆನಡಾ ಎಂದು ಬರೆದಿದ್ದ ಚಿತ್ರದಲ್ಲಿ ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಒರಗಿದ್ದ, ಒಬ್ಬನ ಬೂಟಿನ ದಾರ ಬಿಚ್ಚಿತ್ತು, ಕೋಲುಗಳು ಸೌದೆ ಹೊರೆಯಂತೆ ದಿಕ್ಕಿಗೊಂದು ಚಾಚಿದ್ದವು. ಬ್ರಿಟನ್ ಎಂದು ಬರೆದಿದ್ದ ಚಿತ್ರವನ್ನು ಕಂಡು ನನ್ನ ಕಣ್ಣು ತಂಪಾಯಿತು. ಎತ್ತರದ ಕ್ರಮದಲ್ಲಿ ಸಾಲು, ಹಿಮ್ಮಡಿ ಜೋಡಿಸಿದ ನಿಲುವು, ಎಲ್ಲ ಕೋಲುಗಳೂ ಒಂದೇ ಓರೆ. ನಾನು ಕರಿಹಲಗೆಯ ಮೇಲೆ ಗೆರೆ ಎಳೆದು, ಸಾಲಿಗೆ ಇಪ್ಪತ್ತೈದು, ನಿಲುವಿಗೆ ಇಪ್ಪತ್ತೈದು, ದೃಷ್ಟಿಗೆ ಇಪ್ಪತ್ತೈದು, ಬೂಟಿನ ದಾರಕ್ಕೆ ಇಪ್ಪತ್ತೈದು ಎಂದು ಅಂಕ ಹಂಚಿದೆ. ಬ್ರಿಟನ್ನಿಗೆ ತೊಂಬತ್ತಾರು ಬಂತು. ಕೆನಡಾ ಹನ್ನೊಂದರಲ್ಲಿ ನಪಾಸಾಯಿತು.

“ಏನ್ರೀ ಮೇಷ್ಟ್ರೇ, ಫೋಟೋಕ್ಕೆ ನೆಟ್ಟಗೆ ನಿಂತೋರೆಲ್ಲ ಗೆಲ್ಲೋ ಹಾಗಿದ್ರೆ ನಮ್ಮ ಕೋರ್ಟಿನ ಜವಾನ ಜಡ್ಜಾಗಬೇಕಿತ್ತು!” ಎಂದ ಶಾಮಣ್ಣ. “ಇದು ಅಂಕವಲ್ಲ, ನಿಮ್ಮ ರಾಜಭಕ್ತಿ.” ನನಗೆ ರೇಗಿತು. ನನ್ನ ಭಕ್ತಿಯೆಲ್ಲ ನೇರವಾದ ಸಾಲಿನ ಮೇಲೆ. ಅದರಲ್ಲಿ ಯಾರು ನಿಂತಿದ್ದಾರೆಂಬುದು ನನಗೆ ಸಂಬಂಧಿಸಿದ್ದಲ್ಲ ಎಂದೆ.

ಗೌಡ ನಡುವೆ ಬಾಯಿ ಹಾಕಿದ. “ಯಾಕ್ ಸಾ ಜಗ್ಳ? ಫೆಬ್ರವರಿ ಓಗಿ ಆರ್ ತಿಂಗ್ಳಾಯ್ತು. ಆಟ ಮುಗ್ದು ಬೀರೂನಾಗೆ ಮಲ್ಗದೆ. ಬಾಗ್ಲು ತಗೀರಿ, ನೋಡಿದ್ರಾಯ್ತು.”

ಅದು ನಿಜ. ಜಗತ್ತಿನಲ್ಲಿ ಮುಗಿದುಹೋದ ಪಂದ್ಯ ನಮ್ಮಿಂದ ಮೂರು ಮೊಳ ದೂರದಲ್ಲಿ ಕಟ್ಟಿನ ಅಡಿಯಲ್ಲೆಲ್ಲೋ ಇತ್ತು. ಆದರೆ ದಿನಾಂಕದ ನಿಯಮ? ಮುಂದಿನದನ್ನು ಮೊದಲು ಓದುವವನು ಎಲೆಯ ಮುಂದೆ ಕೂತು ಮೊದಲಿಗೇ ಮಜ್ಜಿಗೆ ಅನ್ನ ಕಲಸುವವನ ಹಾಗೆ. ಸಾಧ್ಯವಿಲ್ಲ ಎಂದೆ. ಶಾಮಣ್ಣ ಈ ಗಳಿಗೆಗೇ ಕಾದಿದ್ದವನಂತೆ ಎದ್ದುನಿಂತ. “ಸರಿ. ಕ್ರಮವಾಗೇ ಬರಲಿ. ಆದರೆ ಮೇಷ್ಟ್ರ ತಂಡ ಸೋತರೆ ಅವರ ಪದ್ಧತಿಗಳೆಲ್ಲ ಹುಸಿ ಅಂತಾಯ್ತು. ಆವತ್ತೇ ದಿನಾಂಕದ ನಿಯಮ ರದ್ದು, ಬೀರುವಿನ ಕೀಲಿ ಗೋಡೆಯ ಮೊಳೆಗೆ. ಗೆದ್ದರೆ ಆ ನಿಯಮದ ಬಗ್ಗೆ ಯಾರೂ ಮತ್ತೆ ಚಕಾರ ಎತ್ತೋ ಹಾಗಿಲ್ಲ.” ಉಳಿದಿಬ್ಬರೂ ಹೂಂ ಎಂದರು. ಅವರಿಗೂ ಮುಂದಿನ ಸಂಚಿಕೆಗಳ ಚಪಲವಿತ್ತು. ಇಷ್ಟು ಕಷ್ಟಪಟ್ಟು ಕಡಲೆಕಾಯಿ ಪೊಟ್ಟಣದಿಂದ ಪಾರುಮಾಡಿದ ವಾಚನಾಲಯ ಹನ್ನೊಂದು ಜನ ಅಪರಿಚಿತರ ಕಾಲಿನ ಮೇಲೆ ನಿಂತಿತು. ಹನ್ನೊಂದೋ ಆರೋ, ಅದೂ ಆಗ ಸರಿಯಾಗಿ ಗೊತ್ತಿರಲಿಲ್ಲ.

ಕೀಲಿ ನನ್ನ ಬಳಿಯೇ ಇದ್ದುದರಿಂದ ಬೀಗಕ್ಕೆ ಅರಗು ಹಾಕಿ ನಾಲ್ವರೂ ಹೆಬ್ಬೆರಳು ಒತ್ತಿದೆವು. ಪ್ರತಿ ಶನಿವಾರ ಅರಗು ಒಡೆದು, ಗೌಡ ಕಣ್ಣು ಮುಚ್ಚಿಕೊಂಡು ಮೇಲಿನದೊಂದನ್ನು ಎತ್ತುವುದು, ಮತ್ತೆ ಅರಗು ಹಾಕುವುದು. ನಡುವೆ ಮೂರು ಸಂಚಿಕೆ ಬಂದವು. ಒಂದರಲ್ಲಿ ನಾಯಿಗಳ ಪ್ರದರ್ಶನ, ಒಂದರಲ್ಲಿ ಹೆಂಗಸರ ಟೊಪ್ಪಿಗೆ, ಇನ್ನೊಂದರಲ್ಲಿ ಗುಲಾಬಿ ಗಿಡಕ್ಕೆ ಹಾಕುವ ಗೊಬ್ಬರ. ಅಷ್ಟು ಶ್ರದ್ಧೆಯಿಂದ ಗೊಬ್ಬರದ ವಿಷಯ ಓದಿದವರು ಹಾಸನ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಾರರು. ಮನೆಯಲ್ಲಿ ನಾನು ಅನ್ನ ಕಲಸುತ್ತ ಅರ್ಧದಲ್ಲಿ ನಿಲ್ಲಿಸಿದಾಗ ಹೆಂಡತಿ, “ನೋಡದ ಜನ, ನೋಡದ ಆಟ, ಮುಗಿದ ಕಥೆ. ಇದಕ್ಕೆ ಎರಡು ತುತ್ತು ಕಮ್ಮಿ ಉಣ್ಣೋರನ್ನ ನಿಮ್ಮನ್ನೇ ಕಂಡಿದ್ದು” ಎಂದಳು.

ಈಗ ಮೊದಲು ಹೇಳಿದ ಶನಿವಾರಕ್ಕೆ ಬರೋಣ. ಐದು ಹತ್ತಕ್ಕೆ ಅರಗು ಒಡೆಯಿತು. ಗೌಡ ಸಂಚಿಕೆ ಎತ್ತಿ ನನ್ನ ಕೈಗಿಟ್ಟ. ಏಳನೆಯ ಪುಟದಲ್ಲಿ ಇತ್ತು. ನನ್ನ ಕಣ್ಣು ಮಂಜಾಗಿ, ಓದುವ ಕೆಲಸ ಶಾಮಣ್ಣನ ಪಾಲಿಗೇ ಬಂತು. ಆತ ಎರಡು ಸಾಲು ಮನಸ್ಸಿನಲ್ಲೇ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಆಮೇಲೆ ಮರಣಶಾಸನ ಓದುವ ದನಿಯಲ್ಲಿ, “ಎಲ್ಲರ ನಿರೀಕ್ಷೆಯನ್ನೂ ಸುಳ್ಳುಮಾಡಿ... ಬ್ರಿಟನ್... ಒಂದು ಗೋಲಿನಿಂದ ಕೆನಡಾವನ್ನು... ಮೊದಲ ಸ್ಥಾನ” ಎಂದ.

ನಾನು ಕುಣಿಯಲಿಲ್ಲ. ನೆಟ್ಟಗೆ ನಿಂತು, ಹಿಮ್ಮಡಿ ಜೋಡಿಸಿ, ಕರಿಹಲಗೆಯ ಕಡೆ ಮುಖ ತಿರುಗಿಸಿ, ತೊಂಬತ್ತಾರರ ಕೆಳಗೆ ಗೆರೆ ಎಳೆದೆ. ಸೀಮೆಸುಣ್ಣ ಎರಡು ತುಂಡಾಯಿತು. ಚನ್ನಬಸಪ್ಪ ಮಂಡಿಯಿಂದ ತಾನೇ ಒಂದು ಕಾಯಿ ತಂದು ಬೀರುವಿನ ಮುಂದೆ ಈಡುಗಾಯಿ ಒಡೆದ. ಚೂರು ಬಾಗಿಲು ದಾಟಿ ಎದುರಿನ ಅಂಚೆಕಚೇರಿಯ ಮೆಟ್ಟಿಲ ತನಕ ಹಾರಿತು. ಗೌಡ ನನ್ನ ಬೆನ್ನು ತಟ್ಟಿ, “ಬಾಳಾ ಸೂಕ್ಷ್ಮ ಕಣ್ ಸಾ ನಿಮ್ದು! ಎತ್ತಿನ್ ಅಲ್ಲು ನೋಡೋದು ಬುಟ್ಟು ಇನ್ಮ್ಯಾಕೆ ಲಾಳ ಕಟ್ಟಿರೋದೇ ನೋಡ್ತೀನಿ” ಎಂದ. ಮೂವತ್ತು ವರ್ಷ ಬಿಸಿಲಲ್ಲಿ ‘ಲೆಫ್ಟ್ ರೈಟ್’ ಎಂದು ಕೂಗಿದ್ದಕ್ಕೆ ಅಂದು ಜಗತ್ತು ಉತ್ತರ ಕೊಟ್ಟಿತೆಂದು ನನಗನ್ನಿಸಿತು.

ಶಾಮಣ್ಣ ಸುಲಭಕ್ಕೆ ಬಿಡುವವನಲ್ಲ. ಇನ್ನೂ ಕೆಳಗೆ ಓದಿ, “ಅಹಾ! ಕೇಳಿ ಇಲ್ಲಿ. ಈ ಬ್ರಿಟನ್ ತಂಡದಲ್ಲಿ ಬಹುಪಾಲು ಜನ ಆಟ ಕಲಿತದ್ದೇ ಕೆನಡಾದಲ್ಲಂತೆ! ನಮ್ಮ ಹತ್ತಿ ಹೊತ್ಕೊಂಡು ಹೋಗಿ ಬಟ್ಟೆ ನೇಯ್ದು ನಮಗೇ ಮಾರ್ತಾರಲ್ಲ, ಅದೇ ಕಸುಬು ಇಲ್ಲೂ!” ಎಂದ. ಗೌಡ, “ಬಟ್ಟೆ ಯಾರ್ದಾದ್ರೂ ಆಗ್ಲಿ, ನಿಯಮ ಮೇಷ್ಟ್ರುದು. ಬರ್ಕೊಡಿ ಲಾಯರ್ ಸಾ” ಎಂದ.

ಠರಾವನ್ನು ನಾನು ಮೊದಲೇ ಬರೆದಿಟ್ಟಿದ್ದೆ. ಉಳಿದಿಬ್ಬರು ರುಜು ಹಾಕುವಷ್ಟರಲ್ಲಿ ಶಾಮಣ್ಣ ಪತ್ರಿಕೆಯ ಕೊನೆಯ ಪುಟಗಳನ್ನು ಮಗುಚುತ್ತ ಕೂತಿದ್ದ. ಒಂದು ಕಡೆ ಆತನ ಕೈ ತಡೆಯಿತು. ನನ್ನನ್ನು ನೋಡಿದ. ಪತ್ರಿಕೆ ಮಡಿಸಿಟ್ಟು ಎದ್ದು ಬಂದು, ತಕರಾರಿಲ್ಲದೆ ರುಜು ಹಾಕಿ, “ನಿಮ್ಮ ನಿಯಮ ನೂರು ವರ್ಷ ಬಾಳಲಿ ಮೇಷ್ಟ್ರೇ” ಎಂದು ಕೈ ಕುಲುಕಿ ಹೊರಟ. ಸೋತವನ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ. ವಕೀಲರಿಗೂ ಆಟದ ಸಂಸ್ಕಾರ ಬರಬಹುದು ಎಂದುಕೊಂಡೆ.

ಎಲ್ಲರೂ ಹೋದ ಮೇಲೆ ತಪಾಸಣೆ. ಹರಿದದ್ದು, ಗುರುತು ಬಿದ್ದದ್ದು ಏನಾದರೂ ಇದೆಯೇ ಎಂದು ಪ್ರತಿಪುಟ ನೋಡಿಯೇ ಬೀರುವಿಗಿಡುವುದು ನನ್ನ ಪದ್ಧತಿ. ಕೊನೆಯ ಪುಟದ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ತಿದ್ದುಪಡಿ ಇತ್ತು. ಕೆಲವು ವಾರಗಳ ಹಿಂದೆ ಅಚ್ಚಾದ ಐಸ್ ಹಾಕಿ ಪುಟಗಳಲ್ಲಿ ಬ್ರಿಟನ್ ಮತ್ತು ಕೆನಡಾ ತಂಡದ ಗುಂಪುಚಿತ್ರಗಳ ಕೆಳಗಿನ ಹೆಸರುಗಳು ಅದಲುಬದಲಾಗಿದ್ದವು, ವಾಚಕರು ಕ್ಷಮಿಸಬೇಕು, ಎಂದು. ಅಂದರೆ ಗೆದ್ದು ಬಂದವರು ಬೂಟಿನ ದಾರ ಬಿಚ್ಚಿಕೊಂಡು ಒಬ್ಬರ ಮೇಲೊಬ್ಬರು ಒರಗಿ ನಿಂತಿದ್ದವರು. ನನ್ನ ತೊಂಬತ್ತಾರು ಅಂಕದವರು ಸೋತವರು.

ತಿದ್ದುಪಡಿಯ ಪಕ್ಕದಲ್ಲಿ ಸೀಸದಕಡ್ಡಿಯ ಒಂದು ಸಣ್ಣ ಗೀಟು. ಅದರ ತುದಿಗೆ ಕೊಕ್ಕೆ.

ಎರಡನೆಯ ನಿಯಮದ ಪ್ರಕಾರ ಶಾಮಣ್ಣನ ಹೆಸರನ್ನೂ ಪುಟದ ಸಂಖ್ಯೆಯನ್ನೂ ಕರಿಹಲಗೆಯ ಮೇಲೆ ಬರೆಯಬೇಕು. ಬರೆದರೆ ಸೋಮವಾರ ಬೆಳಿಗ್ಗೆ ಬಂದವರೆಲ್ಲ ಈ ಸಂಚಿಕೆಯನ್ನು ಕೇಳಿ ಪಡೆದು ಆ ಪುಟವನ್ನೇ ಮೊದಲು ತೆಗೆಯುತ್ತಾರೆ. ಕರಿಹಲಗೆಯಿಂದ ತೊಂಬತ್ತಾರು ಅಂಕ ನನ್ನನ್ನೇ ನೋಡುತ್ತಿತ್ತು, ದೃಷ್ಟಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು.

ಮೇಜಿನ ಖಾನೆಯಿಂದ ರಬ್ಬರು ತೆಗೆದು, ಕಾಗದ ಹರಿಯದಂತೆ ನಿಧಾನವಾಗಿ ಕೊಕ್ಕೆಯನ್ನು ಅಳಿಸಿದೆ, ಆಮೇಲೆ ಗೀಟನ್ನು. ಪುಡಿ ಊದಿದೆ. ಸಂಚಿಕೆಯನ್ನು ಅದರ ದಿನಾಂಕದ ಜಾಗದಲ್ಲಿಟ್ಟು ಬೀರುವಿಗೆ ಬೀಗ ಹಾಕಿದೆ. ತಪಾಸಣೆ ಪುಸ್ತಕದಲ್ಲಿ ಬರೆದೆ: ಸಂಜೆ ಆರು ಗಂಟೆ ಐವತ್ತು ನಿಮಿಷ. ಪುಟಗಳು ಪೂರ್ಣವಾಗಿವೆ. ಗುರುತುಗಳು ಇಲ್ಲ. ಹಾಜರಿದ್ದವರು: ನಾನೊಬ್ಬನೇ.