ಮೂಗಿನ ಮುಂದೆ ಕುಂಬಳಕಾಯಿ

ಅವತ್ತಿನ ರಗಳೆಗೆಲ್ಲ ಮೂಲ ಒಂದು ಕಬ್ಬಿಣದ ಗುಂಡು. ಏಳನೇ ಕ್ಲಾಸಿಗೆ ಶಕ್ತಿಯ ರೂಪಗಳ ಪಾಠ ಮಾಡಲು ಬೇಕೆಂದು ವಿಜ್ಞಾನದ ಟೀಚರ್ ಅದನ್ನು ಮೊದಲೇ ಕೇಳಿಟ್ಟಿದ್ದಳು. ಬೆಳಿಗ್ಗೆ ಹೋದರೆ ಡ್ರಿಲ್ ಮೇಷ್ಟ್ರು ಕೈಯೆತ್ತಿಬಿಟ್ಟರು.

“ಗುಂಡು ಇರೋದು ಎಸೆಯೋಕೆ ಮೇಡಂ, ತೂಗಾಡಿಸೋಕಲ್ಲ. ಬೇಕಿದ್ರೆ ಸ್ಕಿಪ್ಪಿಂಗ್ ಹಗ್ಗ ತಗೊಂಡೋಗಿ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅದು ಶಾಲೆಯ ತಪಾಸಣೆಗೆ ಅಧಿಕಾರಿ ಬರುವ ದಿನ. ಪಾಠ ಅವರಿಗೆ ಹಿಡಿಸಿದರೆ ಮೂಲೆಯ ಕೋಣೆಯನ್ನು ಕೇಳಿಯೇ ಬಿಡಬೇಕೆಂದಿದ್ದಳು. ಪ್ರಯೋಗಾಲಯಕ್ಕೆಂದೇ ಕಟ್ಟಿಸಿದ ಆ ಕೋಣೆಯಲ್ಲಿ ಹೆಡ್‌ಮಾಸ್ಟರು ಮುರಿದ ಬೆಂಚು ತುಂಬಿ ಬೀಗ ಜಡಿದಿದ್ದರು. ಅವಳು ಬಾಯಿ ತೆರೆದಾಗಲೆಲ್ಲ “ನೋಡೋಣಮ್ಮ” ಎಂದು ನಗುತ್ತಿದ್ದರು. ಅವಳ ಲೆನ್ಸು, ಗಾಜಿನ ನಳಿಕೆಗಳೆಲ್ಲ ಹೊಲಿಗೆ ಟೀಚರ ಬೀರುವಿನಲ್ಲಿ ದಾರದುಂಡೆಗಳ ನಡುವೆ ದೂರದ ನೆಂಟರಂತೆ ಮುದುಡಿ ಕೂತಿದ್ದವು.

ಪ್ರಚ್ಛನ್ನ ಶಕ್ತಿ ಎಂದರೇನೆಂದು ಅವಳು ಪುಸ್ತಕ ನೋಡಿ ತಿಳಿಯಬೇಕಿರಲಿಲ್ಲ. ಮನೆಯಲ್ಲಿ ಅತ್ತೆಯ ಮಾತಿಗೆ, ಇಲ್ಲಿ ಈ ನಗುವಿಗೆ ಕೊಡದೆ ನುಂಗಿದ ಉತ್ತರಗಳೆಲ್ಲ ಎಳೆದು ಹಿಡಿದ ರಬ್ಬರಿನ ಹಾಗೆ ಅವಳೊಳಗೆ ಬಿಗಿದುಕೊಂಡಿದ್ದವು.

ನೇರ ಶಾಲೆಯ ಕ್ಯಾಂಟೀನಿಗೆ ಹೋದವಳು ಒಂದು ಕುಂಬಳಕಾಯಿ ಎತ್ತಿಕೊಂಡು ಸ್ಟಾಫ್‌ರೂಮಿಗೆ ಬಂದಳು.

“ಏನ್ ಮೇಡಂ, ಹೆಗಲು ಮುಟ್ಟಿ ನೋಡ್ಕೊಂಡ್ರಾ?” ಎಂದರು ಲೆಕ್ಕದ ಮೇಷ್ಟ್ರು.

“ಕದ್ದವರು ನೋಡ್ಕೋತಾರೆ. ನಾನು ಕೇಳಿ ತಂದೆ. ಈ ಸ್ಕಿಪ್ಪಿಂಗ್ ಹಗ್ಗಕ್ಕೊಂದು ಗಂಟು ಹಾಕಿಕೊಡಿ.”

“ಅಯ್ಯೋ, ಅವರ ಗಂಟು ನಂಬಬೇಡ ಕಣೇ!” ಎಂದು ಹೊಲಿಗೆ ಟೀಚರ್ ಕೆಂಪು ಉಲ್ಲನ್ನಿನ ಚೀಲವೊಂದನ್ನು ಬಿಗಿಯಾಗಿ ತೊಡಿಸಿದರು. ಕುಂಬಳಕಾಯಿ ಕುಲಾವಿ ಹಾಕಿಸಿಕೊಂಡ ಮಗುವಿನಂತೆ ಕ್ಲಾಸಿನ ತೊಲೆಯಿಂದ ಜೋತುಬಿತ್ತು.

ಅಧಿಕಾರಿ, ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಕೂತರು. ಅವಳು ಶುರು ಮಾಡಿದಳು: “ಇದನ್ನ ನನ್ನ ಮೂಗಿನ ತನಕ ಎಳೆದು ಬಿಡ್ತೀನಿ. ತಳ್ಳಲ್ಲ, ಬರೀ ಬಿಡ್ತೀನಿ. ಆ ಕಡೆ ಹೋಗಿ ವಾಪಸ್ ಬರತ್ತೆ, ಆದ್ರೆ ನನಗೆ ತಗಲಲ್ಲ. ಕೊಟ್ಟಷ್ಟೇ ಶಕ್ತಿ ಅದರಲ್ಲಿರೋದು.”

ಹೆಡ್‌ಮಾಸ್ಟರು ಎದ್ದುಬಂದರು. “ತಡೀರಮ್ಮ. ಇಂಥ ಧೈರ್ಯದ ಕೆಲಸ ಹೆಂಗಸರಿಗ್ಯಾಕೆ? ನಾನು ತೋರಿಸ್ತೀನಿ.”

“ಸಾರ್, ತಳ್ಳಬೇಡಿ. ಸುಮ್ನೆ ಕೈ ಬಿಡಿ.”

“ನನಗೇ ಹೇಳಿಕೊಡ್ತೀರಾ?”

ಅಧಿಕಾರಿಯತ್ತ ಒಮ್ಮೆ ನೋಡಿ, ಎದೆಯುಬ್ಬಿಸಿ, ಹೆಡ್‌ಮಾಸ್ಟರು ಕುಂಬಳಕಾಯಿಯನ್ನು ಮೂಗಿನ ತನಕ ಎಳೆದು ಶಕ್ತಿಮೀರಿ ನೂಕಿದರು. ಅದು ಹೋಯಿತು, ಸಾಲ ವಸೂಲಿಗೆ ಹೊರಟ ಭಾವನಂತೆ ತಿರುಗಿ ಬಂತು. ಅದರ ಚಲನ ಶಕ್ತಿ ಅವರ ಮೂಗಿನ ಮೇಲೆ ಶಬ್ದ ಶಕ್ತಿಯಾಯಿತು. ಉಳಿದ ಶಬ್ದ ಅವರ ಬಾಯಿಂದ ಬಂತು.

ಮಕ್ಕಳು ಬೆಂಚು ಬಡಿದು ನಕ್ಕರು. ಅವಳು ತುಟಿ ಕಚ್ಚಿ ಹಿಡಿದಳು. ಎಷ್ಟೋ ಕಾಲದಿಂದ ಕಾದಿದ್ದ ತಂಪೊಂದು ಎದೆಗಿಳಿಯಿತು.

“ಟೀಚರ್, ಸಾರ್ ತಳ್ಳಿದ್ರಲ್ಲ, ಆ ಜಾಸ್ತಿ ಶಕ್ತಿನೇ ಮೂಗಿಗೆ ಹೊಡೆದಿದ್ದಾ?” ಎಂದಳು ಮುಂದಿನ ಸಾಲಿನ ಹುಡುಗಿ.

“ಭೇಷ್! ಪಾಠ ಅಂದ್ರೆ ಇದು!” ಅಧಿಕಾರಿ ಎದ್ದೇ ನಿಂತರು. “ಹೇಳಿಯಮ್ಮ, ನಿಮ್ಮ ಶಾಲೆಗೆ ಏನಾಗಬೇಕು?”

“ಆ ಮೂಲೆ ಕೋಣೆ ಖಾಲಿ ಮಾಡಿಸಿಕೊಡಿ ಸಾರ್.”

“ಈಗಲೇ!”

ಹೆಡ್‌ಮಾಸ್ಟರು ಈ ಸಲ “ನೋಡೋಣಮ್ಮ” ಎನ್ನದೆ, ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಇನ್ನೊಂದರಲ್ಲಿ ಬೀಗದ ಕೈ ತೆಗೆದುಕೊಟ್ಟರು. ಮಧ್ಯಾಹ್ನದೊಳಗೆ ಬೆಂಚುಗಳು ಹೊರಬಿದ್ದವು. ಅವಳೇ ಗುಡಿಸಿದಳು, ಕಿಟಕಿ ಒರೆಸಿದಳು. ಲೆನ್ಸಿನ ಪೆಟ್ಟಿಗೆ ಹೊತ್ತು ತಿರುಗಿ ಬಂದಾಗ ಚಿತ್ರಕಲೆಯ ಮೇಷ್ಟ್ರು ಬಾಗಿಲ ಮೇಲೆ ಬರೆಯುತ್ತಿದ್ದರು: ‘ಪ್ರಥಮ ಚಿಕಿತ್ಸಾ ಕೊಠಡಿ’.

“ಇದೇನ್ ಸಾರ್?” ಎಂದಳು ಪೆಟ್ಟಿಗೆ ಇಳಿಸದೆ.

“ನೀವು ಕೇಳಿದ್ದು ಸರಿಯಾಗೇ ಇದೆಯಮ್ಮ,” ಎಂದರು ಪಕ್ಕದಲ್ಲೇ ನಿಂತಿದ್ದ ಅಧಿಕಾರಿ. “ಇಷ್ಟು ಮಕ್ಕಳಿರೋ ಶಾಲೇಲಿ ಗಾಯ ಆದ್ರೆ ಮಲಗಿಸೋಕೆ ಜಾಗ ಇಲ್ಲ! ನಿಮ್ಮ ಪಾಠದಿಂದ್ಲೇ ನನ್ನ ಕಣ್ಣು ತೆರೀತು. ಸೈನ್ಸ್ ಗೊತ್ತಿರೋರು ನೀವೇ, ಉಸ್ತುವಾರಿನೂ ನಿಮ್ದೇ.”

ಒಳಗೆ ಜೋಡಿಸಿದ ಎರಡು ಬೆಂಚುಗಳ ಮೇಲೆ ಹೆಡ್‌ಮಾಸ್ಟರು ಮೂಗಿಗೆ ಹತ್ತಿ ತುರುಕಿಕೊಂಡು ಮಲಗಿದ್ದರು.

“ಸೆಕೆ ತಡೆಯೋಕಾಗ್ತಿಲ್ಲಮ್ಮಾ… ಸ್ವಲ್ಪ ಗಾಳಿ ಬೀಸಿ.”

ಅವಳು ಪೆಟ್ಟಿಗೆಯನ್ನು ಕೆಳಗಿಟ್ಟಳು. ಅದರ ರಟ್ಟಿನ ಮುಚ್ಚಳ ಕಿತ್ತು ಬೀಸಿದಳು. ಮೊದಲ ಬೀಸಿಗೇ ಹತ್ತಿ ಹಾರಿಹೋಯಿತು.

“ಮೆಲ್ಲಗೆ, ಮೆಲ್ಲಗಮ್ಮಾ!”

“ನೋಡೋಣ ಸಾರ್,” ಎಂದು ಇನ್ನೂ ಜೋರಾಗಿ ಬೀಸಿದಳು.