ಮೂರನೇ ಕೋಣೆಯ ಅಪ್ಪ

ನಮ್ಮ ಸಂಸ್ಥೆಯ ಮೂರನೇ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡು ಹೊರಬರಲಾಗದೆ ಉಳಿದ ಗ್ರಾಹಕರು ಇಂದಿನವರೆಗೆ ಯಾರೂ ಇಲ್ಲವೆಂದು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಊರಿನಲ್ಲಿ ಹಬ್ಬಿರುವ ಸುದ್ದಿ ಬೇರೆಯೇ ಇರುವುದರಿಂದ, ನಡೆದದ್ದನ್ನು ನಡೆದ ಹಾಗೆ ತಿಳಿಸುವುದು ವ್ಯವಸ್ಥಾಪಕನಾದ ನನ್ನ ಕರ್ತವ್ಯ.

ತಿಳಿಯದವರಿಗಾಗಿ ಹೇಳುವುದಾದರೆ, ನಮ್ಮದು ಬೀಗದ ಆಟದ ಮನೆ. ನೀವು ಟಿಕೆಟ್ ತೆಗೆದುಕೊಂಡು ಒಳಗೆ ಹೋಗುತ್ತೀರಿ, ನಾವು ಬಾಗಿಲು ಹಾಕುತ್ತೇವೆ, ನೀವು ಹೊರಬರಲು ಒದ್ದಾಡುತ್ತೀರಿ. ಬೇರೆ ಕಡೆ ಸುಳಿವು ಹುಡುಕಿ ಬೀಗ ತೆಗೆಯಬೇಕು. ನಮ್ಮಲ್ಲಿ ಮನಸ್ಸು ಕರಗಿಸಬೇಕು. ಮೊದಲ ಕೋಣೆಯಲ್ಲಿ ಮುನಿಸಿಕೊಂಡ ಅಕ್ಕ, ಎರಡನೆಯದರಲ್ಲಿ ಪಾಲಿಗಾಗಿ ಜಗಳ ತೆಗೆಯುವ ಅಣ್ಣ, ಮೂರನೆಯದರಲ್ಲಿ ಮಾತು ಬಿಟ್ಟ ಅಪ್ಪ. ಎಲ್ಲರೂ ಸಂಬಳದ ನಟರು. ಮೂರನೇ ಕೋಣೆಗೆ ಹೋದವರು ದೂರದೂರಿಗೆ ಹೊರಟ ಮಗನೋ ಮಗಳೋ ಆಗಿ, ಅಪ್ಪನನ್ನು ಒಲಿಸಿ, ಅವರ ಬಾಯಿಂದ "ಹೋಗಿ ಬಾ" ಎನ್ನಿಸಬೇಕು. ಬೀಗಕ್ಕೆ ಅವರ ದನಿಯನ್ನೇ ಕಲಿಸಿದ್ದೇವೆ. ಆ ದನಿ ಆ ಮಾತು ಹೇಳಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ.

ಈ ಅಪ್ಪ ನಮ್ಮ ಹೆಮ್ಮೆ. ನಾಟಕದ ಕಂಪನಿ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದವರು. ಹಳೇ ಕುರ್ಚಿಯಲ್ಲಿ ಮುಖ ತಿರುಗಿಸಿ ಕೂತು ಷರ್ಟಿನ ಗುಂಡಿ ಹೊಲಿಯುತ್ತಿರುತ್ತಾರೆ. ಎಷ್ಟು ಗೋಗರೆದರೂ ಮೊದಲು ಹೂಂ ಎನ್ನುವುದಿಲ್ಲ. ಆಮೇಲೆ ನಿಧಾನವಾಗಿ ಕರಗುತ್ತಾರೆ. ಅವರ "ಹೋಗಿ ಬಾ" ಕೇಳಿ ಒಬ್ಬ ತೆರಿಗೆ ಅಧಿಕಾರಿ ಬಿಕ್ಕಿ ಬಿಕ್ಕಿ ಅತ್ತಿದ್ದಾರೆ. ತೆರಿಗೆಯಲ್ಲಿ ಮಾತ್ರ ಏನೂ ಬಿಡಲಿಲ್ಲ.

ಅಂದು ಮಧ್ಯಾಹ್ನ ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡ ಒಬ್ಬ ಯುವತಿ ಮೂರನೇ ಕೋಣೆಗೆ ಟಿಕೆಟ್ ಕೊಂಡಳು. ಅವಳು ಅಪ್ಪನ ಸ್ವಂತ ಮಗಳು. ನೌಕರರ ಕುಟುಂಬದ ರಿಯಾಯಿತಿ ಕೇಳಿದ್ದರೆ ನಮಗೆ ಗೊತ್ತಾಗುತ್ತಿತ್ತು. ಅವಳು ಪೂರ್ತಿ ದರ ಕೊಟ್ಟು ಮೋಸ ಮಾಡಿದಳು.

ಒಳಗೆ ಹೋದವಳು ಚೀಲ ಇಳಿಸಿ ಅಪ್ಪನ ಎದುರಿಗೇ ನಿಂತಳು.

"ಅಪ್ಪಾ, ಸಾಯಂಕಾಲ ಬಸ್ಸು. ಬಂದರಿನಲ್ಲಿ ಕ್ರೇನ್ ಓಡಿಸೋ ಕೆಲಸ ಸಿಕ್ತು ಅಂದ ದಿನದಿಂದ ನೀನು ನನ್ನ ಹತ್ರ ಮಾತೇ ಆಡಿಲ್ಲ. ಇಲ್ಲಿ ಕಂಡಕಂಡವರಿಗೆಲ್ಲ ದಿನಾ ಹೋಗಿ ಬಾ ಅಂತೀಯ. ನನಗೂ ಒಂದ್ಸಲ ಅಂದುಬಿಡು, ಹೊರಡ್ತೀನಿ."

ಅಪ್ಪನ ಕೈಯಲ್ಲಿ ಸೂಜಿ ನಿಂತಿತು. ಬಾಯಿ ತೆರೆದರು, ಮುಚ್ಚಿದರು. ಗಾಜಿನ ಹಿಂದೆ ಕೂತು ಭಾವನೆಗಳಿಗೆ ಅಂಕ ಹಾಕುವ ನಮ್ಮ ಭಾವವೀಕ್ಷಕರು ಆ ಮೌನಕ್ಕೆ ಪೂರ್ಣ ಅಂಕ ಕೊಟ್ಟರು. ಆದರೆ ಆಟದ ಅವಧಿ ಮುಗಿದರೂ ಮಾತು ಹೊರಡಲಿಲ್ಲ. ನಾನು ಧ್ವನಿವರ್ಧಕದಲ್ಲಿ ಸೌಜನ್ಯದಿಂದಲೇ ಹೇಳಿದೆ:

"ಅಪ್ಪ ಅವರು ದಯವಿಟ್ಟು ಕರಗಬೇಕು. ಮುಂದಿನ ಮಕ್ಕಳು ಹೊರಗೆ ಕಾಯುತ್ತಿದ್ದಾರೆ."

"ಆಗ್ತಿಲ್ಲ ಸಾರ್. ಇವಳು ನನ್ನ ಮಗಳು."

"ಬರೋರೆಲ್ಲ ನಿಮ್ಮ ಮಕ್ಕಳೇ ಅಲ್ವಾ?"

"ಇವಳು ನಿಜವಾಗ್ಲೂ ಮಗಳು ಸಾರ್," ಎಂದವರೇ ಅಳತೊಡಗಿದರು.

ನಟರು ಗ್ರಾಹಕರಿಗಿಂತ ಹೆಚ್ಚು ಅಳಬಾರದೆಂಬ ನಿಯಮ ನಮ್ಮಲ್ಲಿದೆ. ಮಗಳು ತಡಮಾಡದೆ ಅತ್ತು ಸರಿದೂಗಿಸಿದ್ದರಿಂದ ದಂಡ ಹಾಕಲಿಲ್ಲ. ಮುಂಬಾಗಿಲಿನಲ್ಲಿ ಫಲಕ ತೂಗುಹಾಕಿಸಿದೆ: "ತಾಂತ್ರಿಕ ಕಾರಣಗಳಿಂದ ಅಪ್ಪ ಮಾತನಾಡುತ್ತಿಲ್ಲ. ಅಡಚಣೆಗಾಗಿ ವಿಷಾದಿಸುತ್ತೇವೆ." ಫಲಕ ಓದಿದವರು ವಾಪಸು ಹೋಗುವ ಬದಲು ಗಾಜಿಗೆ ಮೂಗು ಒತ್ತಿ ನಿಂತರು. ನೂಕುನುಗ್ಗಲು ತಡೆಯುವ ಏಕೈಕ ಉದ್ದೇಶದಿಂದ ಗಾಜಿನ ಮುಂದೆ ನಿಲ್ಲಲೂ ಟಿಕೆಟ್ ಇಟ್ಟೆವು.

ತುರ್ತು ಕೀಲಿ ನನ್ನ ಜೇಬಿನಲ್ಲೇ ಇತ್ತು. ನಾನು ಬೀಗಕ್ಕೆ ಕೈ ಹಾಕುತ್ತಿದ್ದಂತೆ ಮಗಳು ಒಳಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ತೆಗೀಬೇಡಿ. ಬಾಗಿಲು ನನಗೆ ಬೇಡ, ಮಾತು ಬೇಕು," ಎಂದಳು. ಗ್ರಾಹಕರ ಇಚ್ಛೆಗೆ ವಿರುದ್ಧವಾಗಿ ಅವರನ್ನು ಬಿಡುಗಡೆ ಮಾಡುವಂತಿಲ್ಲ. ಕೀಲಿ ಮತ್ತೆ ಜೇಬಿಗೆ ಹೋಯಿತು.

ಕೊನೆಗೆ ಅಪ್ಪನ ಹೆಂಡತಿಯನ್ನು ಕರೆಸಿದೆವು. ಆ ತಾಯಿ ಗಾಜಿನೊಳಗೆ ಇಣುಕಿ ನೋಡಿ ನಿಟ್ಟುಸಿರುಬಿಟ್ಟರು.

"ಮನೇಲೂ ಇದೇ ಕಥೆ. ನೀವು ಸಂಬಳ ಕೊಟ್ಟು ನೋಡ್ತೀರ, ನಾನು ಬಿಟ್ಟಿ ನೋಡಿದ್ದೀನಿ. ಹೊರಗಿನವರ ಹತ್ರ ಇವರಿಗೆ ಬಾಯಿ ತುಂಬ ಮಾತು. ನಮ್ಮವರು ಅಂದ್ರೆ ನಾಲಿಗೆ ಏಳಲ್ಲ."

ಬೀಗ ಸರಿಯಿದೆ, ನಟರೂ ಸರಿಯಿದ್ದಾರೆ, ದೋಷವಿರುವುದು ಸಂಬಂಧದಲ್ಲಿ ಎಂದು ನನಗೆ ಹೊಳೆದದ್ದು ಆಗಲೇ. ತಕ್ಷಣ ಧ್ವನಿವರ್ಧಕದಲ್ಲಿ ಆದೇಶ ಹೊರಡಿಸಿದೆ: "ಮೂರನೇ ಕೋಣೆಯಲ್ಲಿರುವ ಯುವತಿ ಈ ಕ್ಷಣದಿಂದ ಅಪ್ಪನಿಗೆ ಏನೂ ಆಗಬೇಕಾದವರಲ್ಲ. ಈ ಆದೇಶ ಆಟ ಮುಗಿಯುವವರೆಗೆ ಜಾರಿಯಲ್ಲಿರುತ್ತದೆ."

"ಮತ್ತೆ ನನಗೆ?" ಎಂದು ತಾಯಿ ಗಾಬರಿಯಾದರು.

"ನಿಮಗೆ ಮಗಳೇ. ಆದೇಶ ಅಪ್ಪನಿಗೆ ಮಾತ್ರ ಅನ್ವಯಿಸುತ್ತದೆ."

ಒಳಗೆ ಮಗಳು ಮುಖ ಒರೆಸಿಕೊಂಡು, ಚೀಲ ಹೆಗಲಿಗೇರಿಸಿ, ಆಗಷ್ಟೇ ಒಳಬಂದವಳ ಹಾಗೆ ಕೈಮುಗಿದಳು.

"ನಮಸ್ಕಾರ. ನಾನು ಕೆಲಸಕ್ಕೆ ಅಂತ ದೂರ ಹೊರಟಿದ್ದೀನಿ. ನಮ್ಮಪ್ಪ ನನ್ನ ಹತ್ರ ಮಾತಾಡ್ತಿಲ್ಲ."

"ಕೂತ್ಕೋಮ್ಮ," ಎಂದರು ಅಪ್ಪ. ಸಲೀಸಾಗಿ ಬಂತು. "ಏನು ಕೆಲಸ?"

"ಕ್ರೇನ್ ಓಡಿಸೋದು."

"ತುಂಬಾ ಎತ್ತರಾನಾ?"

"ಹತ್ತು ಮಹಡಿಯಷ್ಟು."

"ಗಾಳಿ ಜೋರಾದ್ರೆ?"

"ನಿಲ್ಲಿಸಿ ಕೆಳಗಿಳೀಬೇಕು."

"ಇಳೀತೀಯ ತಾನೇ? ಮೊಂಡಾಟ ಮಾಡಲ್ಲ ತಾನೇ?"

"ಇಳೀತೀನಿ."

ಅಪ್ಪ ಹೊಲಿಯುತ್ತಿದ್ದ ಷರ್ಟನ್ನು ಪಕ್ಕಕ್ಕಿಟ್ಟರು. "ನಿಮ್ಮಪ್ಪನಿಗೆ ಕೋಪ ಇಲ್ಲಮ್ಮ, ಹೆದರಿಕೆ. ಕಣ್ಣು ಮುಚ್ಚಿದ್ರೆ ನೀನು ಬೀಳೋದೇ ಕಾಣುತ್ತೆ ಅವನಿಗೆ. ಬಾಯಿಬಿಟ್ಟು ಹೇಳಿದ್ರೆ ನೀನು ಹೋಗದೆ ಉಳಿದುಬಿಡ್ತೀಯೇನೋ ಅಂತ ಸುಮ್ಮನಿದ್ದಾನೆ. ನೀನು ಅವನ ಮಗಳು ಅನ್ನೋಕೆ ಅವನಿಗೆ ಎಷ್ಟು ಹೆಮ್ಮೆ ಇದೆ ಅಂತ ನನಗೆ ಗೊತ್ತು. ಹೋಗಿ ಬಾ."

ಬಾಗಿಲು ತೆರೆಯಿತು.

"ಬರ್ತೀನಿ ಸಾರ್," ಎಂದು ಮಗಳು ಹೊರಗೆ ಬಂದು, ತಾಯಿಯನ್ನು ತಬ್ಬಿಕೊಂಡು, ಬಸ್ಸು ಹಿಡಿಯಲು ಓಡಿದಳು. ಗಾಜಿನ ಮುಂದಿನವರು ಚಪ್ಪಾಳೆ ತಟ್ಟಿದರು. ವ್ಯವಸ್ಥಾಪಕರ ಕಣ್ಣಲ್ಲೂ ನೀರು ಬಂತೆಂದು ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರೆ. ಬಂದದ್ದು ನಿಜ. ಆ ಹೊತ್ತಿಗೆ ನಾನು ಕರ್ತವ್ಯದ ಮೇಲಿರಲಿಲ್ಲವೆಂದು ಭಾವಿಸತಕ್ಕದ್ದು.

ಮರುದಿನದಿಂದ ಸಾರ್ವಜನಿಕರಿಗೂ ಈ ಸೌಲಭ್ಯ ಒದಗಿಸಿದ್ದೇವೆ. ಮಾತು ಬಿಟ್ಟ ಅಣ್ಣತಮ್ಮಂದಿರು, ಅತ್ತೆ ಸೊಸೆಯರು, ಗಂಡ ಹೆಂಡಿರು ಬೆಳಿಗ್ಗೆಯಿಂದಲೇ ಸಾಲು ನಿಲ್ಲುತ್ತಾರೆ. ಒಬ್ಬರಿಗೊಬ್ಬರು ಯಾರೂ ಅಲ್ಲವೆಂದು ಘೋಷಿಸಿ ಒಳಗೆ ಬಿಟ್ಟರೆ ಸಾಕು, ಅಲ್ಲಿಂದ ಬರೀ ಕುಶಲೋಪರಿ ಕೇಳಿಬರುತ್ತದೆ. ಅಪ್ಪನ ಹೆಂಡತಿಯೂ ಒಮ್ಮೆ ಹೋಗಿ ಬಂದರು. ನಿಮ್ಮ ಮಂಡಿನೋವು ಈಗ ಹೇಗಿದೆ ಎಂದು ಗಂಡ ಬಹುವಚನದಲ್ಲಿ ವಿಚಾರಿಸಿದರಂತೆ. ಆಕೆ ಅದನ್ನು ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿದ್ದಾರೆ.

ಒಂದೇ ಒಂದು ತೊಡಕು ಉಳಿದಿತ್ತು. ಮಗಳು ಬಂದರಿನಿಂದ ಫೋನ್ ಮಾಡಿ "ಅಪ್ಪಾ" ಎಂದಾಗ, ಅವರು ಮಾತಾಡದೆ ಫೋನನ್ನು ಹೆಂಡತಿಯ ಕೈಗೆ ಕೊಟ್ಟುಬಿಟ್ಟರು. ಆಟ ಮುಗಿದೊಡನೆ ಆದೇಶವೂ ಮುಗಿದಿತ್ತಲ್ಲ. ಅಪ್ಪ, ಅಮ್ಮ, ಮಗಳು ಮೂವರೂ ಒಮ್ಮತದಿಂದ ಕೇಳಿಕೊಂಡ ಮೇರೆಗೆ, ಅಪ್ಪ ಮಗಳ ಸಂಬಂಧವನ್ನು ಕಾಯಂ ಆಗಿ ರದ್ದುಪಡಿಸಿ ಆದೇಶಿಸಿದ್ದೇನೆ. ಈಗ ದಿನಾ ಸಂಜೆ ಫೋನ್ ಬರುತ್ತದೆ. "ಸಾರ್, ಊಟ ಆಯ್ತಾ?" ಎಂದು ಅವಳು, "ನಿಂದಾಯ್ತೇನಮ್ಮ?" ಎಂದು ಇವರು, ಗಂಟೆಗಟ್ಟಲೆ ಮಾತಾಡುತ್ತಾರೆ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ, "ಮಕ್ಕಳಿಲ್ಲ, ಪರಿಚಯದ ಹುಡುಗಿ ಒಬ್ಬಳಿದ್ದಾಳೆ, ನನ್ನ ಕಂಡರೆ ತುಂಬಾ ಪ್ರೀತಿ," ಎನ್ನುತ್ತಾರೆ ಅಪ್ಪ. ಪಕ್ಕದಲ್ಲಿ ನಿಂತ ಹೆಂಡತಿ ಹೌದೆಂದು ತಲೆಯಾಡಿಸುತ್ತಾರೆ.